ಮಗಳು ಹಾಕಿದ ಗ್ರೀನ್ ಕಾರ್ಡ್ ಅರ್ಜಿ: ಮುಂಬೈ ಸಂದರ್ಶನಕ್ಕೆ ಹೋಗುವ ಮುಂಚೆ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ನನಗೆ 61 ವರ್ಷ, ಯಜಮಾನರಿಗೆ 67. ಮಗಳು ಅಮೆರಿಕದ ಪ್ರಜೆ. ನಮ್ಮಿಬ್ಬರಿಗೂ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದ್ದಳು. ಈಗ ಮುಂಬೈ ಕಾನ್ಸುಲೇಟ್‌ನಲ್ಲಿ ಸಂದರ್ಶನಕ್ಕೆ ದಿನ ಕೊಟ್ಟಿದ್ದಾರೆ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನನ್ನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇದೆ, ಜನನ ಪ್ರಮಾಣಪತ್ರ ಇಲ್ಲವೇ ಇಲ್ಲ. 2020ರಲ್ಲಿ ಮಗಳ ಬಾಣಂತನಕ್ಕೆ ಹೋದಾಗ ಲಾಕ್‌ಡೌನ್ ಆಗಿ, ಕೊಟ್ಟಿದ್ದ ಆರು ತಿಂಗಳ ಮೇಲೆ ಇನ್ನೆರಡು ತಿಂಗಳು ಅಲ್ಲೇ ಉಳಿದೆವು. ಯಜಮಾನರಿಗೆ ಶುಗರ್ ಇದೆ. ಪರಿಚಯದವರೊಬ್ಬರು "ಆ ಹಳೇ ವಿಷಯ ಬಾಯಿ ಬಿಡಬೇಡಿ, ಸುಮ್ನೆ ಹೋಗಿ ಬೇಗ ವಾಪಸ್ ಬರ್ತೀವಿ ಅನ್ನಿ" ಅಂತಾರೆ. ಏನು ಮಾಡೋಣ?

ಉತ್ತರ: ಮೊದಲು ಆ ಪರಿಚಯದವರ ಮಾತನ್ನು ಪಕ್ಕಕ್ಕಿಡಿ. ಅವರು ಹೇಳಿದ ಎರಡರಲ್ಲಿ ಒಂದು ನಿಮ್ಮ ಕೇಸಿಗೆ ಸಂಬಂಧವೇ ಇಲ್ಲದ್ದು. ಇನ್ನೊಂದು ನಿಮ್ಮ ಕೇಸನ್ನೇ ಮುಳುಗಿಸುವಂಥದ್ದು.

ಅವರು ಹೇಳ್ತಿರೋದು ಟೂರಿಸ್ಟ್ ವೀಸಾದ ಪಾಠ. ಅಲ್ಲಿ ಅಮೆರಿಕದ ಕಾನೂನಿನ 214(ಬಿ) ಕಲಮು ಪ್ರತಿಯೊಬ್ಬರನ್ನೂ 'ಇವರು ಅಲ್ಲೇ ಉಳಿದುಬಿಡುವವರು' ಅಂತಲೇ ನೋಡುತ್ತದೆ. ಹಾಗಲ್ಲ, ವಾಪಸ್ ಬರ್ತೀವಿ ಅಂತ ತೋರಿಸುವುದು ಅರ್ಜಿದಾರರ ಕೆಲಸ. ಹಾಗಾಗಿ ಜನ ಹೊಲ, ಮನೆ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಹೊತ್ತುಕೊಂಡು ಹೋಗುತ್ತಾರೆ. ನಿಮ್ಮದು ಐಆರ್-5 ವೀಸಾ, ಅಂದರೆ ಪ್ರಜೆಯ ತಂದೆ ತಾಯಿಗೆ ಕೊಡುವ ವಲಸೆ ವೀಸಾ. ಇಲ್ಲಿ 214(ಬಿ) ಬರುವುದೇ ಇಲ್ಲ. ನೀವು ಅಲ್ಲಿ ವಾಸ ಮಾಡಲು ಹೊರಟವರು ಅಂತಲೇ ಅರ್ಜಿ ಇದೆ. ಪಹಣಿ, ಖಾತೆ ಪತ್ರ ಮನೆಯಲ್ಲೇ ಇರಲಿ.

ಇಷ್ಟು ಹೇಳಿದ ಮೇಲೆ ಒಂದು ಮಾತು ಕೇಳಲೇಬೇಕು. ನೀವು ನಿಜವಾಗಿಯೂ ಅಲ್ಲಿ ವಾಸ ಮಾಡಲು ಹೋಗ್ತಿದ್ದೀರಾ? ತುಂಬಾ ಮನೆಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಮಾತಾಡಿರುವುದಿಲ್ಲ. ಮಗಳು ಅರ್ಜಿ ಹಾಕಿದಳು, ಬಂತು, ಹೊರಟೆವು ಅಂತಷ್ಟೇ ಇರುತ್ತದೆ. ಗ್ರೀನ್ ಕಾರ್ಡ್ ಅಂದರೆ ವರ್ಷಕ್ಕೊಮ್ಮೆ ಹೋಗಿ ಮೊಮ್ಮಕ್ಕಳನ್ನು ನೋಡಿ ಬರುವ ಪಾಸ್ ಅಲ್ಲ. ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದು ವಾಪಸ್ ಹೋದರೆ ವಿಮಾನ ನಿಲ್ದಾಣದಲ್ಲಿ ಪ್ರಶ್ನೆಗಳು ಶುರುವಾಗುತ್ತವೆ. ಒಂದು ವರ್ಷ ದಾಟಿದರೆ ಬರೀ ಕಾರ್ಡ್ ತೋರಿಸಿ ಒಳಗೆ ಹೋಗಲು ಆಗುವುದಿಲ್ಲ. ಮುಂಚೆಯೇ ಐ-131 ಅರ್ಜಿ ಹಾಕಿ ರೀ-ಎಂಟ್ರಿ ಪರ್ಮಿಟ್ ತೆಗೆದುಕೊಂಡಿರಬೇಕು. ಆ ಅರ್ಜಿಯನ್ನೂ ಅಮೆರಿಕದೊಳಗೆ ಇದ್ದಾಗಲೇ ಹಾಕಬೇಕು. ನಿಮ್ಮ ಮನಸ್ಸಿನಲ್ಲಿ ಇರುವುದು ಬರೀ ಬೇಸಿಗೆಗೆ ಹೋಗಿ ಬರುವುದಾದರೆ ಟೂರಿಸ್ಟ್ ವೀಸಾನೇ ಸರಿ, ತಲೆನೋವು ಕಡಿಮೆ. ಅದು ಬಿಟ್ಟು ವಲಸೆ ವೀಸಾದ ಕಿಟಕಿಯಲ್ಲಿ ನಿಂತು 'ಬೇಗ ವಾಪಸ್ ಬರ್ತೀವಿ' ಅಂದರೆ, ಅಧಿಕಾರಿ 'ಹಾಗಾದರೆ ಇದು ನಿಮಗೆ ಯಾಕೆ ಬೇಕು?' ಅಂತ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೂ ಇಲ್ಲ. ಸಂದರ್ಶನಕ್ಕೆ ಹೋಗುವ ಮುಂಚೆ ಗಂಡ ಹೆಂಡತಿ ಕೂತು ಇದೊಂದನ್ನು ತೀರ್ಮಾನ ಮಾಡಿಕೊಳ್ಳಿ. ಇಬ್ಬರೂ ಒಂದೇ ಮಾತು ಹೇಳಬೇಕು, ಅದು ನಿಜವಾದ ಮಾತೇ ಆಗಿರಬೇಕು.

ಇನ್ನು 2020ರ ವಿಷಯ. ಇದನ್ನು ಮುಚ್ಚಿಡುವ ಅಗತ್ಯವೇ ಇಲ್ಲ, ಲೆಕ್ಕ ಮಾಡಿ ನೋಡಿ. ನಿಮಗೆ ಒಳಗೆ ಬಿಟ್ಟಾಗ ಐ-94 ಅಂತ ಒಂದು ದಾಖಲೆ ಆಗಿರುತ್ತದೆ. ಎಲ್ಲಿಯವರೆಗೆ ಇರಬಹುದು ಅನ್ನುವ ತಾರೀಕು ಅದರಲ್ಲಿ ಇರುತ್ತದೆ. ಆ ತಾರೀಕಿನ ಒಳಗೇ ಮಗಳು ಐ-539 ಅರ್ಜಿ ಹಾಕಿ ಅವಧಿ ವಿಸ್ತರಣೆ ಕೇಳಿದ್ದಳಾ? ಆ ವರ್ಷ ತುಂಬಾ ಜನ ಹಾಗೆ ಮಾಡಿದ್ದರು. ಕೇಳಿ ಮಂಜೂರಾಗಿದ್ದರೆ ನೀವು ಹೆಚ್ಚು ದಿನ ಉಳಿದಿದ್ದೇ ಅಲ್ಲ. ಆ ರಸೀದಿ, ಮಂಜೂರಾತಿ ಪತ್ರ ಎರಡನ್ನೂ ಮಗಳ ಇಮೇಲ್‌ನಲ್ಲಿ ಹುಡುಕಿಸಿ, ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿ.

ಅರ್ಜಿ ಹಾಕಿರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಮೂರು ವರ್ಷದ ನಿಷೇಧ ತಗಲುವುದು 180 ದಿನಕ್ಕಿಂತ ಜಾಸ್ತಿ ಅಕ್ರಮವಾಗಿ ಉಳಿದು ಹೊರಬಂದವರಿಗೆ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿಯಾದರೆ ಹತ್ತು ವರ್ಷ. ನಿಮ್ಮದು ಎರಡು ತಿಂಗಳು. ಅದು ಯಾವ ನಿಷೇಧದ ಗೆರೆಯನ್ನೂ ಮುಟ್ಟುವುದಿಲ್ಲ. ಕೇಳಿದರೆ "ಲಾಕ್‌ಡೌನ್ ಇತ್ತು, ವಿಮಾನ ಇರಲಿಲ್ಲ, ಸಿಕ್ಕ ತಕ್ಷಣ ಬಂದೆವು" ಅಂತ ಹೇಳಿ. ಅಷ್ಟೇ, ಅದಕ್ಕಿಂತ ಉದ್ದ ಬೇಡ.

ಆದರೆ ಮುಚ್ಚಿಟ್ಟರೆ ಕಥೆ ಬೇರೆ. ನೀವು ಹೋದ ದಿನ, ಬಂದ ದಿನ, ಹಿಂದೆ ಟೂರಿಸ್ಟ್ ವೀಸಾಗೆ ತುಂಬಿದ ಫಾರ್ಮ್, ಎಲ್ಲವೂ ಅವರ ಕಂಪ್ಯೂಟರಿನಲ್ಲಿ ಇದೆ. ಮುಖ್ಯವಾದ ವಿಷಯದಲ್ಲಿ ಬೇಕೆಂದೇ ಸುಳ್ಳು ಹೇಳಿ ವೀಸಾ ಪಡೆಯಲು ನೋಡಿದರು ಅಂತ ಅಧಿಕಾರಿಗೆ ಅನ್ನಿಸಿದರೆ, ಬೀಳುವ ನಿಷೇಧಕ್ಕೆ ಅವಧಿ ಅನ್ನುವುದೇ ಇಲ್ಲ, ಜೀವನಪೂರ್ತಿ. ಅದಕ್ಕೆ ವಿನಾಯಿತಿ ಕೇಳುವ ದಾರಿ ಒಂದಿದೆ. ಆದರೆ ಆ ವಿನಾಯಿತಿಗೆ, 'ನಾನು ಹೋಗದಿದ್ದರೆ ಇವರಿಗೆ ತೀವ್ರ ಕಷ್ಟವಾಗುತ್ತದೆ' ಅಂತ ತೋರಿಸಬೇಕಾದದ್ದು ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವ ಗಂಡ, ಹೆಂಡತಿ, ತಂದೆ ಅಥವಾ ತಾಯಿಯ ವಿಷಯದಲ್ಲಿ. ಮಕ್ಕಳ ಕಷ್ಟ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ವಯಸ್ಸಿನವರಿಗೆ ಅಂಥ ತಂದೆ ತಾಯಿ ಅಲ್ಲಿ ಎಲ್ಲಿಂದ ಬರಬೇಕು? ಅಂದರೆ ಮಕ್ಕಳ ಕಡೆಯಿಂದ ಹೋಗುವ ಅಪ್ಪ ಅಮ್ಮನಿಗೆ ಆ ಬಾಗಿಲು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಏನೂ ಆಗದ ಎರಡು ತಿಂಗಳ ವಿಷಯಕ್ಕೆ ಇಷ್ಟು ದೊಡ್ಡ ಅಪಾಯ ಮೈಮೇಲೆ ಎಳೆದುಕೊಳ್ಳಬೇಕಾ?

ಈಗ ಹೆಸರಿನ ವಿಷಯಕ್ಕೆ ಬರ್ತೀನಿ. ನಿಮ್ಮ ಫೈಲಿನಲ್ಲಿ ನಿಜವಾಗಿ ಕೆಲಸ ಬೇಡುವುದು ಇದು. ಇಂಗ್ಲಿಷ್ ಅಲ್ಲ, ಮಾತುಗಾರಿಕೆಯೂ ಅಲ್ಲ.

ನಮ್ಮ ಕಡೆ ಹೆಸರು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಶಾಲೆಯ ದಾಖಲೆಯಲ್ಲಿ 'ಗೌರಮ್ಮ ಟಿ.' ಅಂತ ಇರುತ್ತದೆ. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ 'ಪಾರ್ವತಿ' ಅಂತ ಕರೆದರು. ಮಗಳು ಹುಟ್ಟಿದಾಗ ಆಸ್ಪತ್ರೆಯವರು ತಾಯಿ ಹೆಸರು 'ಪಾರ್ವತಮ್ಮ' ಅಂತ ಬರೆದುಕೊಂಡರು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬಿಡಿಸಿ ಬರೆಯಿರಿ ಅಂದರು, 'ಗೌರಮ್ಮ ತಿಪ್ಪೇಸ್ವಾಮಿ' ಆಯಿತು. ನಮಗೆ ಇದೆಲ್ಲ ಒಬ್ಬರೇ. ಅಮೆರಿಕದ ಅಧಿಕಾರಿಗೆ ಕಾಗದದ ಮೇಲೆ ಇಬ್ಬರು ಮೂವರು ಹೆಂಗಸರು ಕಾಣುತ್ತಾರೆ. ಐಆರ್-5 ಕೇಸಿನ ಇಡೀ ಭಾರ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿ ಅಂತ ಇರುವವರು ಈ ಪಾಸ್‌ಪೋರ್ಟ್ ಹಿಡಿದು ನಿಂತಿರುವವರೇನಾ? ಆ ಕೊಂಡಿ ಗಟ್ಟಿಯಾಗಿದ್ದರೆ ಅರ್ಧ ಕೆಲಸ ಮುಗಿದಂತೆ.

ಹೀಗೆ ಮಾಡಿ. ಎಲ್ಲಾ ಕಾಗದಗಳನ್ನೂ ಹರಡಿಕೊಂಡು, ಯಾವುದರಲ್ಲಿ ಯಾವ ಹೆಸರು ಇದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನಿಮ್ಮ ಡಿಎಸ್-260, ಅಂದರೆ ವಲಸೆ ವೀಸಾದ ಅರ್ಜಿ ಫಾರ್ಮಿನಲ್ಲಿ 'ಬೇರೆ ಯಾವ ಹೆಸರುಗಳನ್ನು ಬಳಸಿದ್ದೀರಿ' ಅಂತ ಒಂದು ಪ್ರಶ್ನೆ ಇತ್ತು. ಅಲ್ಲಿ ಮಗಳು ಎಲ್ಲ ಹೆಸರನ್ನೂ ಹಾಕಿದ್ದಾಳಾ ನೋಡಿಸಿ. ಹೆಚ್ಚಿನವರು 'ಇಲ್ಲ' ಅಂತ ಒತ್ತಿ ಮುಂದೆ ಹೋಗಿರುತ್ತಾರೆ. ಬಿಟ್ಟುಹೋಗಿದ್ದರೆ ಹೆದರಬೇಡಿ. ಸಂದರ್ಶನದ ದಿನ ಮೊದಲ ಕಿಟಕಿಯಲ್ಲೇ "ಇದೊಂದು ತಿದ್ದುಪಡಿ ಇದೆ" ಅಂತ ನೀವಾಗಿಯೇ ಹೇಳಿ. ಅವರು ಕೇಳಿದ ಮೇಲೆ ಹೇಳುವುದಕ್ಕೂ ನೀವೇ ಮುಂದಾಗಿ ಹೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಜೊತೆಗೆ, ಈ ಎಲ್ಲ ಹೆಸರೂ ಒಬ್ಬರದ್ದೇ ಅಂತ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿ ಮಾಡಿಸಿ. ಬರೀ ಅಫಿಡವಿಟ್‌ಗೆ ತೂಕ ಕಡಿಮೆ. ಅದರ ಬೆನ್ನಿಗೆ ಹಳೇ ಕಾಗದ ಇರಬೇಕು. ಮಗಳ ಶಾಲೆಯ ದಾಖಲಾತಿ, ಹಳೇ ರೇಷನ್ ಕಾರ್ಡ್, ಮದುವೆಯ ಲಗ್ನಪತ್ರಿಕೆ, ಮಗಳ ಚಿಕ್ಕಂದಿನ ಫೋಟೋಗಳು. ಹೋದ ತಿಂಗಳು ಮಾಡಿಸಿದ ಹೊಸ ಕಾಗದಕ್ಕಿಂತ ಮೂವತ್ತು ವರ್ಷದ ಹಿಂದಿನ ಹರಿದ ರೇಷನ್ ಕಾರ್ಡಿಗೆ ಅಲ್ಲಿ ಬೆಲೆ ಜಾಸ್ತಿ. ಮತ್ತೆ, ಗಾಬರಿಯಲ್ಲಿ ಈಗ ಪಾಸ್‌ಪೋರ್ಟಿನ ಹೆಸರು ಬದಲಾಯಿಸಲು ಹೋಗಬೇಡಿ. ಇಡೀ ಕೇಸು ಆ ಹೆಸರಿನ ಮೇಲೆ ನಡೆದುಬಂದಿದೆ.

ಮಗಳ ಜನನ ಪ್ರಮಾಣಪತ್ರವನ್ನೂ ಒಮ್ಮೆ ತೆಗೆದು ಓದಿ. ಹಳೆಯವುಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ, ಬರೀ 'ಹೆಣ್ಣು' ಅಂತ ಇರುತ್ತದೆ. ಹಾಗಿದ್ದರೆ ನೋಂದಣಿ ಆದ ಕಚೇರಿಯಲ್ಲಿ ಹೆಸರು ಸೇರಿಸಿ ಹೊಸ ಪ್ರತಿ ತೆಗೆಸಿ. ಯಜಮಾನರ ಕೇಸಿಗೆ ಇದರ ಜೊತೆ ನಿಮ್ಮಿಬ್ಬರ ಮದುವೆ ಪ್ರಮಾಣಪತ್ರವೂ ಬೇಕು. ಮದುವೆಯನ್ನು ಆಗ ನೋಂದಣಿ ಮಾಡಿಸದೆ ಈಗ ಮಾಡಿಸಿದ್ದರೆ ತೊಂದರೆ ಇಲ್ಲ. ಮದುವೆ ನಡೆದ ತಾರೀಕು ಸರಿಯಾಗಿ ಬರೆದಿದ್ದರೆ ಸಾಕು. ಕಾಗದಗಳೆಲ್ಲ ಇದ್ದೂ ಸಂಬಂಧದ ಬಗ್ಗೆ ಅನುಮಾನ ಹೋಗದಿದ್ದರೆ ಡಿಎನ್‌ಎ ಪರೀಕ್ಷೆ ಮಾಡಿಸಬಹುದು ಅಂತ ಅವರೇ ಸೂಚಿಸುತ್ತಾರೆ. ನೀವಾಗಿಯೇ ಮುಂಚೆ ಮಾಡಿಸಿಕೊಂಡು ಹೋದರೆ ಅದು ನಡೆಯುವುದಿಲ್ಲ.

ನಿಮ್ಮ ಜನನ ಪ್ರಮಾಣಪತ್ರ ಇಲ್ಲದಿರುವುದು ಅಂಥ ದೊಡ್ಡ ವಿಷಯವೇ ಅಲ್ಲ. ನಮ್ಮಲ್ಲಿ ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ, ಜಾರಿಯಾದದ್ದು 1970ರ ಏಪ್ರಿಲ್ 1ರಿಂದ. ನೀವು ಅದಕ್ಕೆ ಮುಂಚೆ ಹುಟ್ಟಿದವರು. ಕಾನ್ಸುಲೇಟ್‌ನವರಿಗೂ ಇದು ಗೊತ್ತಿದೆ. ನೀವು ಹುಟ್ಟಿದ ಊರಿನ ಜನನ ನೋಂದಣಿ ಕಚೇರಿಯಿಂದ 'ದಾಖಲೆ ಲಭ್ಯವಿಲ್ಲ' ಅನ್ನುವ ಪ್ರಮಾಣಪತ್ರ, ಹುಟ್ಟಿದ ತಾರೀಕು ಇರುವ ಶಾಲೆಯ ಟಿ.ಸಿ., ನಿಮಗಿಂತ ದೊಡ್ಡವರು, ನಿಮ್ಮ ಹುಟ್ಟಿನ ವಿಷಯ ಗೊತ್ತಿರುವವರು ಕೊಟ್ಟ ಅಫಿಡವಿಟ್, ಇಷ್ಟು ಇರಲಿ. ಕನ್ನಡದಲ್ಲಿರುವ ಎಲ್ಲಾ ಕಾಗದಕ್ಕೂ ಇಂಗ್ಲಿಷ್ ಅನುವಾದ ಬೇಕು. ಅನುವಾದ ಮಾಡಿದವರು 'ನನಗೆ ಎರಡೂ ಭಾಷೆ ಗೊತ್ತು, ಅನುವಾದ ಸರಿ ಇದೆ' ಅಂತ ಬರೆದು ಸಹಿ ಹಾಕಿರಬೇಕು. ಟಿ.ಸಿ.ಯಲ್ಲಿ ಒಂದು ಹುಟ್ಟಿದ ತಾರೀಕು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಅದಕ್ಕೂ ಉತ್ತರ ಸಿದ್ಧ ಇರಲಿ. ಆ ಕಾಲದಲ್ಲಿ ಮೇಷ್ಟ್ರು ಅಂದಾಜಿಗೆ ಒಂದು ತಾರೀಕು ಬರೆದುಕೊಳ್ಳುತ್ತಿದ್ದರು. ಅದನ್ನೇ ಹೇಳಿದರೆ ಆಯಿತು.

ಮೆಡಿಕಲ್ ಪರೀಕ್ಷೆ ಕಾನ್ಸುಲೇಟ್ ಪಟ್ಟಿಯಲ್ಲಿರುವ ವೈದ್ಯರಲ್ಲೇ ಆಗಬೇಕು, ನಿಮ್ಮ ಡಾಕ್ಟರ ಚೀಟಿ ನಡೆಯುವುದಿಲ್ಲ. ಸಂದರ್ಶನಕ್ಕೆ ಸಾಕಷ್ಟು ದಿನ ಮುಂಚೆ ಮಾಡಿಸಿ. ಯಾಕೆಂದರೆ ಎದೆಯ ಎಕ್ಸ್‌ರೇಯಲ್ಲಿ ಹಳೇ ಟಿಬಿಯ ಗುರುತು ಅಂತ ಏನಾದರೂ ಕಂಡರೆ ಮೂರು ದಿನ ಕಫದ ಸ್ಯಾಂಪಲ್ ತೆಗೆದುಕೊಂಡು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಗೆ, ಕಳಿಸುತ್ತಾರೆ. ಅದರ ಫಲಿತಾಂಶಕ್ಕೆ ಎಂಟು ವಾರ ಹಿಡಿಯುತ್ತದೆ. ಯಜಮಾನರ ಶುಗರ್‌ನಿಂದ ಮೆಡಿಕಲ್‌ನಲ್ಲಿ ಫೇಲ್ ಅನ್ನುವುದು ಇಲ್ಲ. ತಡೆಯುವ ಕಾಯಿಲೆಗಳ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲ. ಆದರೆ ಇನ್ನೊಂದು ಕಡೆಯಿಂದ ಅದು ಬರುತ್ತದೆ. 'ಈ ಮನುಷ್ಯ ಸರ್ಕಾರಕ್ಕೆ ಹೊರೆ ಆಗ್ತಾನಾ' ಅಂತ ನೋಡುವಾಗ ವಯಸ್ಸು, ಆರೋಗ್ಯ, ಹಣಕಾಸು ಎಲ್ಲವನ್ನೂ ತೂಗಬೇಕು ಅಂತ ಕಾನೂನೇ ಹೇಳುತ್ತದೆ. ಇತ್ತೀಚೆಗೆ ಇದನ್ನು ಮುಂಚಿಗಿಂತ ಬಿಗಿಯಾಗಿ ನೋಡುತ್ತಿದ್ದಾರೆ. ಗ್ರೀನ್ ಕಾರ್ಡಿನಲ್ಲಿ ಹೋದ ಹಿರಿಯರಿಗೆ ಅಲ್ಲಿನ ಮೆಡಿಕೇರ್, ಅಂದರೆ ಹಿರಿಯರ ಸರ್ಕಾರಿ ಆರೋಗ್ಯ ವಿಮೆ ಕೂಡ ತಕ್ಷಣ ಸಿಗುವುದಿಲ್ಲ. 65 ದಾಟಿರಬೇಕು, ಐದು ವರ್ಷ ಸತತ ಅಲ್ಲಿ ವಾಸವಾಗಿರಬೇಕು, ಆಮೇಲೆ ಪ್ರೀಮಿಯಂ ಕಟ್ಟಿ ಸೇರಬಹುದು. ಹಾಗಾದರೆ ಅಲ್ಲಿಯವರೆಗೆ ಇವರ ಔಷಧಿ, ಆಸ್ಪತ್ರೆ ಖರ್ಚು ಯಾರು ನೋಡ್ತಾರೆ? ಈ ಪ್ರಶ್ನೆಗೆ ಮಗಳು ಈಗಲೇ ಉತ್ತರ ಹುಡುಕಿಟ್ಟಿರಬೇಕು. ಯಾವ ಇನ್ಶೂರೆನ್ಸ್, ತಿಂಗಳಿಗೆ ಎಷ್ಟು ಅಂತ ವಿಚಾರಿಸಿದ ಕಾಗದ ಒಂದು ಫೈಲಿನಲ್ಲಿರಲಿ. ಶುಗರ್ ಹತೋಟಿಯಲ್ಲಿದೆ ಅಂತ ತೋರಿಸುವ ಇತ್ತೀಚಿನ ರಿಪೋರ್ಟೂ ಇರಲಿ.

ಮಗಳು ಸಹಿ ಹಾಕಿದ ಐ-864, ಅಂದರೆ ನಿಮ್ಮ ಖರ್ಚಿನ ಹೊಣೆ ಹೊತ್ತ ಪತ್ರ, ಅಲ್ಲಿನ ಬಡತನ ರೇಖೆಯ ಶೇ. 125ರಷ್ಟು ಆದಾಯ ತೋರಿಸಬೇಕು. ಮನೆಯಲ್ಲಿರುವವರ ಜೊತೆ ನಿಮ್ಮಿಬ್ಬರನ್ನೂ ಸೇರಿಸಿ ಲೆಕ್ಕ. ವೀಸಾ ಕಾಗದಗಳನ್ನು ಹಾಕುವ ಆನ್‌ಲೈನ್ ಪೋರ್ಟಲ್‌ಗೆ ಇದನ್ನು ಹಾಕಿ ವರ್ಷ ಕಳೆದಿದ್ದರೆ ಹೊಸ ತೆರಿಗೆ ವಿವರ ಮತ್ತು ಈಚಿನ ಪೇ ಸ್ಲಿಪ್ ಕಳಿಸಲು ಹೇಳಿ.

ಉಳಿದ ಕಾಗದಗಳು ಅಪಾಯಿಂಟ್‌ಮೆಂಟ್ ಪತ್ರದಲ್ಲೇ ಇವೆ, ನಾನು ಪಟ್ಟಿ ಒಪ್ಪಿಸುವುದಿಲ್ಲ. ಪೋರ್ಟಲ್‌ಗೆ ಸ್ಕ್ಯಾನ್ ಮಾಡಿ ಹಾಕಿದ ಪ್ರತಿಯೊಂದರ ಮೂಲಪ್ರತಿ ಕೈಯಲ್ಲಿರಬೇಕು, ಅದೊಂದು ನೆನಪಿರಲಿ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ತೆಗೆದಿದ್ದೇ ಆಗಬೇಕು, ಠಾಣೆಯಲ್ಲಿ ಬರೆಸಿಕೊಂಡ ಪತ್ರ ಆಗುವುದಿಲ್ಲ. ಇಬ್ಬರದ್ದೂ ಬೇರೆ ಬೇರೆ ಕೇಸ್ ಆದ್ದರಿಂದ ಎರಡು ಫೈಲ್ ಮಾಡಿ. ಒಂದೇ ಚೀಲದಲ್ಲಿ ತುಂಬಿಕೊಂಡು ಹೋಗಿ ಕಿಟಕಿ ಮುಂದೆ ಹುಡುಕುತ್ತಾ ನಿಲ್ಲುವುದು ಬೇಡ.

ಬೆಂಗಳೂರಿಗೇ ಹಾಕಿಸಿಕೊಳ್ಳಬಹುದಿತ್ತಲ್ವಾ ಅಂತ ತುಂಬಾ ಜನ ಕೇಳ್ತಾರೆ. ಬೆಂಗಳೂರಿನ ಅಮೆರಿಕನ್ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆ ಆಯಿತು, ಆದರೆ ವೀಸಾ ಕೆಲಸ ಇಲ್ಲದೆ. ನಿಮ್ಮ ಕೇಸ್ ನಂಬರಿನ ಮುಂದೆ ಇರುವ ಬಿಎಂಬಿ ಅನ್ನುವ ಮೂರು ಅಕ್ಷರ ಮುಂಬೈ ಅಂತಲೇ ಹೇಳುತ್ತದೆ. ಕಾನ್ಸುಲೇಟ್ ಇರುವುದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ಬೆರಳಚ್ಚು ಕೊಡಲು ಅದಕ್ಕೂ ಮುಂಚೆ ವೀಸಾ ಅರ್ಜಿ ಕೇಂದ್ರಕ್ಕೆ ಬೇರೆ ದಿನ ಹೋಗಬೇಕು. ಅದನ್ನು ಮರೆತು ನೇರ ಸಂದರ್ಶನಕ್ಕೆ ಹೋಗಿ ಒದ್ದಾಡುವವರು ಇದ್ದಾರೆ. ಒಳಗೆ ಮೊಬೈಲ್ ಬಿಡುವುದಿಲ್ಲ. ಮಗಳ ವಿಳಾಸ, ಫೋನ್ ನಂಬರ್ ಎಲ್ಲ ಫೋನಿನಲ್ಲೇ ಇದ್ದರೆ ಆಗ ಏನೂ ನೆನಪಾಗುವುದಿಲ್ಲ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮಗಳು ರಜೆ ಹಾಕಿ ಅಲ್ಲಿಂದ ಬರುವ ಅಗತ್ಯ ಇಲ್ಲ.

ಒಳಗೆ ಮೊದಲ ಕಿಟಕಿಯಲ್ಲಿ ಇರುವವರು ಸಾಮಾನ್ಯವಾಗಿ ನಮ್ಮ ದೇಶದವರೇ. ಅವರು ಮೂಲಪ್ರತಿ ನೋಡಿ ಜೋಡಿಸಿಕೊಳ್ಳುತ್ತಾರೆ. ಆಮೇಲೆ ಕಾಯಬೇಕು, ಇದೇ ಉದ್ದ. ನಂತರ ಅಮೆರಿಕನ್ ಅಧಿಕಾರಿ ಗಾಜಿನ ಆಚೆ ನಿಂತು ಬಲಗೈ ಎತ್ತಿಸಿ, 'ಹೇಳುವುದೆಲ್ಲ ನಿಜ' ಅಂತ ಪ್ರಮಾಣ ಮಾಡಿಸುತ್ತಾರೆ. ಡಿಎಸ್-260ಕ್ಕೆ ಆ ಹೊತ್ತಿಗೇ ಸಹಿ ಬೀಳುವುದು. ಪ್ರಶ್ನೆಗಳು ಸಲೀಸು. ಅರ್ಜಿ ಹಾಕಿದವರು ಯಾರು, ಎಲ್ಲಿದ್ದಾಳೆ, ಏನು ಕೆಲಸ, ಯಾವಾಗ ಪ್ರಜೆಯಾದಳು, ನಿಮಗೆ ಎಷ್ಟು ಮಕ್ಕಳು, ಮದುವೆ ಯಾವಾಗ ಆಯಿತು, ಹಿಂದೆ ಹೋಗಿದ್ದೀರಾ, ಎಷ್ಟು ದಿನ ಇದ್ದಿರಿ, ಯಾವತ್ತಾದರೂ ಪೊಲೀಸ್ ಕೇಸ್ ಆಗಿತ್ತಾ. ಎಷ್ಟು ಮಕ್ಕಳು ಅಂದಾಗ ಎಲ್ಲರನ್ನೂ ಹೇಳಿ, ದತ್ತು ಮಕ್ಕಳು, ತೀರಿಹೋದವರನ್ನೂ ಸೇರಿಸಿ, ಫಾರ್ಮಿನಲ್ಲಿ ಇದ್ದಂತೆಯೇ. ಮಗಳ ಮನೆಯ ಊರು, ಅವಳ ಕಂಪನಿಯ ಹೆಸರು ಗೊತ್ತಿಲ್ಲದ ಅಪ್ಪಂದಿರು ಜಾಸ್ತಿ. ಯಜಮಾನರಿಗೆ ಅದೊಂದು ಬಾಯಿಪಾಠ ಮಾಡಿಸಿ.

ಇಂಗ್ಲಿಷ್ ಬರಲ್ಲ ಅಂತ ಯಾರಿಗೂ ಈ ವೀಸಾ ನಿರಾಕರಿಸುವುದಿಲ್ಲ. ಭಾಷೆ ಗೊತ್ತಿರಬೇಕು ಅನ್ನುವ ನಿಯಮವೇ ಇಲ್ಲ. ನಿಮಗೆ ಕನ್ನಡ ಬಿಟ್ಟು ಹಿಂದಿಯೂ ಬರದಿದ್ದರೆ, ದುಭಾಷಿಯ ಬಗ್ಗೆ ಅಪಾಯಿಂಟ್‌ಮೆಂಟ್ ಪತ್ರದಲ್ಲಿ ಏನು ಬರೆದಿದೆ ನೋಡಿ, ಮುಂಚೆಯೇ ಇಮೇಲ್ ಮಾಡಿ ಕೇಳಿಸಿ. ಅರ್ಥವಾಗದ ಪ್ರಶ್ನೆಗೆ 'ಎಸ್, ಎಸ್' ಅಂದುಬಿಡುವುದೇ ದೊಡ್ಡ ಅಪಾಯ. "ಸುಳ್ಳು ಕಾಗದ ಕೊಟ್ಟಿದ್ದೀರಾ?" ಅನ್ನುವುದಕ್ಕೂ ಎಸ್, "ಜೈಲಿಗೆ ಹೋಗಿದ್ದೀರಾ?" ಅನ್ನುವುದಕ್ಕೂ ಎಸ್! ಇನ್ನೊಮ್ಮೆ ಹೇಳಿ ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೆಂಡತಿಗೆ ಕೇಳಿದ್ದಕ್ಕೆ ಗಂಡ ಉತ್ತರ ಕೊಡುವುದನ್ನು ಮಾತ್ರ ದಯವಿಟ್ಟು ಬಿಡಿಸಿ.

ಅಲ್ಲೇ ಒಂದು ಚೀಟಿ ಕೊಟ್ಟು 221(ಜಿ) ಅಂದರೆ ಎದೆ ಒಡೆದುಕೊಳ್ಳಬೇಡಿ. ಕಾಗದದ ಮೇಲೆ ಅದು ನಿರಾಕರಣೆ, ಆದರೆ ಕೆಲಸದಲ್ಲಿ 'ಇದೊಂದು ಕಡಿಮೆ ಇದೆ, ತನ್ನಿ' ಅಂತ ಅಥವಾ 'ನಾವು ಇನ್ನೂ ಪರಿಶೀಲಿಸಬೇಕು' ಅಂತ. ಕೇಳಿದ್ದನ್ನು ಒಂದು ವರ್ಷದ ಒಳಗೆ ಕೊಡಬೇಕು. ಸುಮ್ಮನಿದ್ದರೆ ಅರ್ಜಿಯೇ ಸಾಯುತ್ತದೆ. ಇಬ್ಬರಲ್ಲಿ ಒಬ್ಬರಿಗೆ ವೀಸಾ ಆಗಿ ಇನ್ನೊಬ್ಬರಿಗೆ ಚೀಟಿ ಬರುವುದೂ ಉಂಟು, ಕೇಸು ಬೇರೆ ಬೇರೆ ಅಲ್ವಾ. ಅದಕ್ಕೇ ವೀಸಾ ಕೈಗೆ ಬರುವವರೆಗೆ ಟಿಕೆಟ್ ಮಾಡಿಸಬೇಡಿ, ಮನೆ ಬಾಡಿಗೆಗೆ ಕೊಡಬೇಡಿ.

ವೀಸಾ ಬಂದ ಮೇಲೆ ಅದರ ಮೇಲಿನ ಕೊನೆ ತಾರೀಕು ನೋಡಿ. ಸಾಮಾನ್ಯವಾಗಿ ಆರು ತಿಂಗಳು ಇರುತ್ತದೆ, ಮೆಡಿಕಲ್ ಹಳೆಯದಾಗಿದ್ದರೆ ಅದಕ್ಕಿಂತ ಕಡಿಮೆ. ಅಷ್ಟರೊಳಗೆ ಅಮೆರಿಕ ಪ್ರವೇಶಿಸಬೇಕು. ಪಾಸ್‌ಪೋರ್ಟ್ ಜೊತೆ ಸೀಲ್ ಮಾಡಿದ ಕವರ್ ಕೊಟ್ಟಿದ್ದರೆ ಒಡೆಯಬೇಡಿ, ಅದು ವಿಮಾನ ನಿಲ್ದಾಣದ ಅಧಿಕಾರಿಗೆ. ಹೊರಡುವ ಮುಂಚೆ ಇಬ್ಬರಿಗೂ ತಲಾ 235 ಡಾಲರ್ ವಲಸೆ ಶುಲ್ಕವನ್ನು ಮಗಳು ಆನ್‌ಲೈನ್‌ನಲ್ಲಿ ಕಟ್ಟಲಿ. ಕಟ್ಟದಿದ್ದರೆ ಒಳಗೆ ಬಿಡುತ್ತಾರೆ, ಆದರೆ ಕಾರ್ಡ್ ಬರುವುದಿಲ್ಲ. ಕಾರ್ಡ್ ಅಂಚೆಯಲ್ಲಿ ಬರುವವರೆಗೆ, ಪ್ರವೇಶದ ಮುದ್ರೆ ಬಿದ್ದ ಆ ವೀಸಾನೇ ಒಂದು ವರ್ಷ ಗ್ರೀನ್ ಕಾರ್ಡಿನ ಕೆಲಸ ಮಾಡುತ್ತದೆ.